ಅನ್ವಯಿಸುವುದಿಲ್ಲ

ನ್ಯೂ ಬೆಡ್‌ಫರ್ಡ್, ಜನವರಿ. ರಾತ್ರಿ ಪಾಳಿ ಮುಗಿಸಿ ಬಂದವಳು
ಬೂಟು ಕಳಚಿ ಹೊರಗೇ ಇಟ್ಟಳು,
ಮೀನಿನ ವಾಸನೆ ಒಳಗೆ ಬರಬಾರದೆಂದು.
ಬಂದೇ ಬರುತ್ತದೆ ಅದು,
ಬಾಡಿಗೆ ಕೊಡದ ನೆಂಟನ ಹಾಗೆ.

ಮೇಜಿನ ಮೇಲೆ ಹದಿನಾಲ್ಕು ಪುಟ,
ಹೀಟರಿನ ಗಾಳಿಗೆ ಹಾರದಂತೆ ಬೀನ್ಸ್ ಡಬ್ಬಿಯ ಭಾರ.
ಸಂತ ಬ್ರಿಜಿಟ್ ಶಾಲೆ: ಶುಲ್ಕ ಸಹಾಯಕ್ಕಾಗಿ ಅರ್ಜಿ.

ಮೊದಲ ಪುಟ ಸುಲಭ.
ಹೆಸರು: ಜುಲ್ಮೀರಾ ತಾವಾರೆಸ್.
ಉದ್ಯೋಗ: ಮೀನು ಸೀಳುವುದು.
ಮನೆಯಲ್ಲಿರುವವರು: ಇಬ್ಬರು.
ತಿಂಗಳು ತಿಂಗಳು ಬ್ರಾವಾ ದ್ವೀಪಕ್ಕೆ ಹೋಗುವ
ಅವ್ವನ ಔಷಧಿಯ ದುಡ್ಡಿಗೆ ಚೌಕವಿಲ್ಲ.
ದೂರದ ಹೊಟ್ಟೆ ಈ ಮನೆಯ ಲೆಕ್ಕಕ್ಕೆ ಬಾರದು.

ಏಳನೆಯ ಪುಟದಲ್ಲಿ ಕೈ ನಿಂತಿತು.
ಇನ್ನೊಬ್ಬ ಪೋಷಕರ ಆದಾಯ. ವಿಳಾಸ. ಸಹಿ.

ವಿಳಾಸ?
ಆರು ವರ್ಷದ ಕೆಳಗೆ ಆರ್ಲಿಂದು ರಾಟರ್‌ಡ್ಯಾಮಿನಿಂದ
ಒಂದು ಜೊತೆ ಶೂ ಕಳಿಸಿದ್ದ, ಕೆಂಪು ಲೇಸಿನವು.
ಅಷ್ಟರಲ್ಲಿ ಮಗಳ ಪಾದ ಎರಡು ಅಳತೆ ಮುಂದೆ ನಡೆದಿತ್ತು.
ಪೆಟ್ಟಿಗೆಯ ಮೇಲಿದ್ದದ್ದು ಅಂಗಡಿಯ ವಿಳಾಸ.

ಶಾಲೆಯ ಕಚೇರಿಯ ಹೆಂಗಸು ಫೋನಿನಲ್ಲಿ ಮೆತ್ತಗೆ ಹೇಳಿದ್ದಳು:
ಅವರು ಏನೂ ಕೊಡುತ್ತಿಲ್ಲವೆಂಬುದಕ್ಕೆ
ದಾಖಲೆ ಬೇಕಾಗುತ್ತದೆ, ಮಿಸೆಸ್ ತಾವಾರೆಸ್.
ಮಿಸೆಸ್ ಎಂಬುದನ್ನು ಇವಳು ತಿದ್ದಲಿಲ್ಲ.
ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಅನ್ನುತ್ತಾರಲ್ಲ,
ಇಲ್ಲಿ ಬೇಕು. ಎರಡು ಪ್ರತಿ. ನೋಟರಿಯ ಮುದ್ರೆ.
ಜೊತೆಗೆ ಒಂದು ಪತ್ರ,
ರಕ್ತಸಂಬಂಧವಿಲ್ಲದ, ಇವಳು ಒಂಟಿಯೆಂದು ಬಲ್ಲ ಯಾರದಾದರೂ.

ಯಾರು ಬಲ್ಲರು?
ಹಳೆಯ ಪಾದ್ರಿ ಬಲ್ಲರು, ಅವರಿಗೆ ವರ್ಗವಾಗಿದೆ.
ಪಕ್ಕದ ಮನೆಯವರು ಬಲ್ಲರು, ಬರೆಯಲು ಅಂಜುತ್ತಾರೆ.
ಕೊನೆಗೆ ಲಾಂಡ್ರಿಯ ಮುದುಕ ಫೋಂಟಿಸ್
ರಸೀದಿಯ ಬೆನ್ನಿಗೆ ಬರೆದುಕೊಟ್ಟ:
ಒಂಬತ್ತು ವರ್ಷದಿಂದ ಪ್ರತಿ ಭಾನುವಾರ
ಈಕೆಯ ಬಟ್ಟೆ ನೋಡುತ್ತಿದ್ದೇನೆ.
ಗಂಡಸಿನ ಅಂಗಿ ಒಂದೂ ಇರಲಿಲ್ಲ.

ಓದಿ ನಗು ಬಂತು.
ಬಂದ ನಗು ನಿಲ್ಲಲೊಲ್ಲದೆ ಸೆರಗಿಲ್ಲದವಳು
ಸ್ವೆಟರಿನ ತೋಳಿಗೆ ಮೂಗು ಒರೆಸಿಕೊಂಡಳು.
ಮುದುಕ ಅವಳ ಇಡೀ ಸಂಸಾರವನ್ನು
ಒಗೆದು, ಮಡಿಸಿ ಕೊಟ್ಟಿದ್ದ.

ಆ ಶಾಲೆಯೇ ಯಾಕೆ, ಎಂದು ಹನ್ನೊಂದನೆಯ ಪುಟ ಕೇಳುತ್ತದೆ,
ಇನ್ನೂರು ಪದ ಮೀರದಂತೆ.

ಅಕ್ಟೋಬರಿನಲ್ಲಿ ನೋಡಲು ಹೋಗಿದ್ದರು ಇಬ್ಬರೂ.
ತಾಯಂದಿರ ಕೋಟುಗಳ ನಡುವೆ ಇವಳು ಗೋಡೆಗೆ ಅಂಟಿ,
ನಿಂಬೆ ಹಚ್ಚಿ ಮೂರು ಸಲ ತೊಳೆದ ಕೈಯನ್ನು ಜೇಬಲ್ಲಿಟ್ಟು.
ಆಗ ನೀವಿಯಾ, ಹನ್ನೆರಡರ ಹುಡುಗಿ,
ಎಲ್ಲರೆದುರು ಅಮ್ಮನ ತೋಳಿನಿಂದ
ಅಂಟಿದ್ದೊಂದು ಹುರುಪೆ ಕಿತ್ತು
ಸೂಕ್ಷ್ಮದರ್ಶಕದ ಕೆಳಗಿಟ್ಟಳು.
ನಾಚಿಕೆಯಿಂದ ಇವಳ ಕಿವಿ ಸುಟ್ಟಿತು.

ನೋಡಮ್ಮಾ ಎಂದಳು ಹುಡುಗಿ.
ಬಗ್ಗಿ ನೋಡಿದಳು.
ಉಂಗುರದೊಳಗೆ ಉಂಗುರ, ಮರದ ಕಾಂಡದಲ್ಲಿರುವಂತೆ.
ವರ್ಷಕ್ಕೊಂದು, ಎಂದರು ಟೀಚರ್. ಇದಕ್ಕೆ ನಾಲ್ಕು ವಯಸ್ಸು.
ಹದಿನೈದು ವರ್ಷ ಸೀಳಿದ್ದಾಳೆ,
ಲಕ್ಷವೋ ಹತ್ತು ಲಕ್ಷವೋ.
ಒಂದಕ್ಕೂ ವಯಸ್ಸು ಕೇಳಿರಲಿಲ್ಲ.
ಕಣ್ಣು ಎತ್ತಲು ಮನಸ್ಸಾಗದೆ ನಿಂತೇ ಇದ್ದಳು,
ಹಿಂದೆ ಸಾಲು ಬೆಳೆಯುತ್ತಿತ್ತು.

ಇದನ್ನು ಇನ್ನೂರು ಪದದಲ್ಲಿ ಹೇಗೆ ಬರೆಯುವುದು?
ಗಣಿತದಲ್ಲಿ ಒಳ್ಳೆಯ ಅಂಕವಿದೆ, ಎಂದು ಬರೆಸಿದಳು.

ಬೆಳಗಾಯಿತು. ಯೂನಿಫಾರ್ಮು ತೊಟ್ಟ ನೀವಿಯಾ ಟೋಸ್ಟ್ ಕಚ್ಚಿ
ಏಳನೆಯ ಪುಟ ತಿರುವಿ,
ಅಪ್ಪನ ಸಾಲುಗಳ ಮೇಲೆಲ್ಲ ಒಂದೇ ಪದ ಬರೆದಳು:
ಅನ್ವಯಿಸುವುದಿಲ್ಲ. ಅನ್ವಯಿಸುವುದಿಲ್ಲ.
ಹಾಗಂದರೇನು?
ನಮಗೆ ತಾಗದ್ದು ಅಂತ, ಅಮ್ಮಾ.

ಕಪಾಟಿನ ಮೇಲೆ ಶೂಗಳ ಪೆಟ್ಟಿಗೆ ಇನ್ನೂ ಇದೆ.
ಅದರ ಮೇಲೆ ಧೂಳಿಲ್ಲ.
ಯಾರು ಒರೆಸುತ್ತಾರೆ, ಯಾವಾಗ,
ಇಬ್ಬರೂ ಇದುವರೆಗೆ ಕೇಳಿಕೊಂಡಿಲ್ಲ.

ಬರಿ, ಎಂದಳು ಜುಲ್ಮೀರಾ. ಸಹಿ ಹಾಕಿದಳು.
ಎರಡು ಅಂಚೆಚೀಟಿ ಸಾಕು ಎಂದಿದ್ದರು,
ಮೂರು ಹಚ್ಚಿದಳು.